ಅಪಾರ್ಟ್‌ಮೆಂಟಿನಲ್ಲಿ ಮೂರಡಿ ಮಣ್ಣಿನ ಗಣಪ: ಬುಕ್ ಮಾಡುವುದರಿಂದ ಕರಗಿಸುವವರೆಗೆ ಸಲಹೆ ಬೇಕು

ಬನಶಂಕರಿ_ನಿವಾಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಬನಶಂಕರಿ ಕಡೆ 64 ಮನೆಗಳ ಅಪಾರ್ಟ್‌ಮೆಂಟ್ ನಮ್ಮದು. ಇಷ್ಟು ವರ್ಷ ಅವರವರ ಮನೆಯಲ್ಲೇ ಹಬ್ಬ ನಡೆಯುತ್ತಿತ್ತು. ಈ ಸಲ ಎಲ್ಲರೂ ಸೇರಿ ಕೆಳಗೆ ಗಣೇಶನನ್ನು ಕೂರಿಸೋಣ ಎಂದು ಅಸೋಸಿಯೇಷನ್ ಸಭೆಯಲ್ಲಿ ತೀರ್ಮಾನವಾಗಿದೆ. ಮೂರು ದಿನ ಇಟ್ಟು ಮೂರನೆಯ ದಿನ ಸಂಜೆ ಬಿಡುತ್ತೇವೆ. ಮೂರ್ತಿ ಮೂರಡಿ ಎತ್ತರ, ಬಣ್ಣವಿಲ್ಲದ ಮಣ್ಣಿನದು. ಕೆರೆಗೆ ಒಯ್ಯದೆ ಆವರಣದಲ್ಲೇ ಕರಗಿಸಬೇಕು ಎನ್ನುವುದು ಹೆಚ್ಚಿನವರ ಅಭಿಪ್ರಾಯ.

ಮೂರ್ತಿಯನ್ನು ಎಷ್ಟು ಮೊದಲು ಹೇಳಬೇಕು? ಶುದ್ಧ ಮಣ್ಣಿನದೇ ಎಂದು ಗುರುತಿಸುವುದು ಹೇಗೆ? ಕಾಂಪೌಂಡ್ ಒಳಗೇ ಮಾಡಿದರೂ ಅನುಮತಿ ಬೇಕೇ? ಕರಗಿಸಲು ಎಷ್ಟು ದೊಡ್ಡ ತೊಟ್ಟಿ ಬೇಕು, ಆಮೇಲೆ ಆ ಕೆಸರನ್ನು ಏನು ಮಾಡುವುದು? ಪೂಜೆ, ಪ್ರಸಾದದ ಲೆಕ್ಕವನ್ನೂ ಬಲ್ಲವರು ಹೇಳಿದರೆ ಉಪಕಾರವಾಗುತ್ತದೆ.

ಜೇಡಿಮಣ್ಣು_ಕೆಲಸ

ಮೇಡಂ, ಮೊದಲು ದಿನದ ಲೆಕ್ಕ. ಮೂರಡಿ ಮೂರ್ತಿಯನ್ನು ಹಬ್ಬಕ್ಕೆ ಕನಿಷ್ಠ ಆರು ವಾರ ಮೊದಲೇ ಹೇಳಿ. ಮಾಡುವುದಕ್ಕೆ ಅಷ್ಟು ದಿನ ಬೇಕಿಲ್ಲ, ಒಣಗುವುದಕ್ಕೆ ಬೇಕು. ಆಷಾಢ, ಶ್ರಾವಣದ ತಂಪು ಗಾಳಿಯಲ್ಲಿ ದಪ್ಪ ಮಣ್ಣು ಬಹಳ ನಿಧಾನವಾಗಿ ಆರುತ್ತದೆ. ತಡವಾಗಿ ಹೇಳಿದವರಿಗೆ ಹೊರಗೆ ಒಣಗಿ ಒಳಗೆ ಹಸಿಯಾಗಿರುವ ಮೂರ್ತಿ ಬರುತ್ತದೆ. ಮಂಟಪದಲ್ಲಿ ದೀಪದ ಬಿಸಿ, ಫ್ಯಾನಿನ ಗಾಳಿ ತಗುಲಿದ ಮೇಲೆ ಹೊರಪದರ ಕುಗ್ಗುತ್ತದೆ, ಒಳಗಿನದು ಕುಗ್ಗುವುದಿಲ್ಲ. ಆಗ ಬಿರುಕು ಬಿಡುವುದು ಕುತ್ತಿಗೆ, ಸೊಂಡಿಲ ಬುಡ ಮತ್ತು ಮೊಣಕೈಯಲ್ಲಿ, ಅಂದರೆ ತೆಳು ಭಾಗ ದಪ್ಪ ಭಾಗಕ್ಕೆ ಸೇರುವ ಕಡೆ.

ಪಾಟರಿ ಟೌನ್‌ಗೋ ಮಾವಳ್ಳಿ, ಆರ್‌.ವಿ. ರಸ್ತೆ ಕಡೆಗೋ ಹೋಗಿ ಕಣ್ಣಾರೆ ನೋಡಿ ಆರಿಸಿ, ಫೋಟೊ ನೋಡಿ ಬುಕ್ ಮಾಡಬೇಡಿ. ಎರಡು ಬಗೆ ಸಿಗುತ್ತದೆ. ಒಂದು ಅಚ್ಚಿನಲ್ಲಿ ತೆಗೆದು ಜೋಡಿಸಿದ್ದು, ಒಳಗೆ ಟೊಳ್ಳು. ಇನ್ನೊಂದು ಕೋಲ್ಕತ್ತಾ ಶೈಲಿಯದು: ಬಿದಿರು, ಹುಲ್ಲು, ಸುತಲಿಯ ಹಂದರದ ಮೇಲೆ ಮಣ್ಣು ಮೆತ್ತಿದ್ದು. ಎರಡನೆಯದು ಒಯ್ಯಲು ಗಟ್ಟಿ, ಆದರೆ ಕರಗಿದ ಮೇಲೆ ಹುಲ್ಲು, ಬಿದಿರು, ಮೊಳೆ ಎಲ್ಲ ತೊಟ್ಟಿಯಲ್ಲಿ ಉಳಿಯುತ್ತದೆ. ಆವರಣದಲ್ಲೇ ಕರಗಿಸುವವರಿಗೆ ಅಚ್ಚಿನ ಟೊಳ್ಳು ಮೂರ್ತಿಯೇ ಒಳ್ಳೆಯದು. ಗೋಡೆ ಎಷ್ಟು ದಪ್ಪ ಎಂದು ಕೇಳಿ. ಒಂದೂವರೆ ಇಂಚಿನ ಆಸುಪಾಸು ಇದ್ದರೆ ಸರಿ.

ಪಿಒಪಿಯೋ (ಪ್ಲಾಸ್ಟರ್ ಆಫ್ ಪ್ಯಾರಿಸ್) ಮಣ್ಣೋ ಎಂದು ತಿಳಿಯಲು ಮೂರ್ತಿಯ ತಳ ನೋಡಬೇಕು, ಮುಖ ನೋಡಿದರೆ ಗೊತ್ತಾಗುವುದಿಲ್ಲ. ತಳದಲ್ಲಿ ಬಣ್ಣ ಹಚ್ಚಿರುವುದಿಲ್ಲ. ಅಲ್ಲಿ ನಾಲ್ಕು ಹನಿ ನೀರು ಹಾಕಿ ಎರಡು ನಿಮಿಷ ಬಿಟ್ಟು ಬೆರಳಿನಿಂದ ಉಜ್ಜಿ. ಮಣ್ಣಾದರೆ ಕಪ್ಪಾಗಿ, ಮೆತ್ತಗಾಗಿ ಬೆರಳಿಗೆ ಕೆಸರು ಹತ್ತುತ್ತದೆ. ಪಿಒಪಿ ನೀರು ಕುಡಿಯುತ್ತದೆ, ಆದರೆ ಮೆತ್ತಗಾಗುವುದಿಲ್ಲ, ಉಗುರಿನಲ್ಲಿ ಗೀರಿದರೆ ಬಿಳಿ ಪುಡಿ ಬರುತ್ತದೆ. ಕಂದು ಬಣ್ಣ ಬಳಿದ ಪಿಒಪಿಯನ್ನು ಮಣ್ಣಿನದೆಂದು ಮಾರುವವರಿದ್ದಾರೆ, ಬಣ್ಣ ನೋಡಿ ನಂಬಬೇಡಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಮಾರ್ಗಸೂಚಿ ಪಿಒಪಿ ಮೂರ್ತಿಯನ್ನೇ ನಿಷೇಧಿಸಿದೆ, ಕರ್ನಾಟಕದಲ್ಲಿ ಅದಕ್ಕೂ ಮೊದಲಿನಿಂದ ನಿರ್ಬಂಧವಿದೆ.

ಒಯ್ಯುವಾಗ ಕೈ, ಕಿವಿ, ಪ್ರಭಾವಳಿ ಹಿಡಿದು ಎತ್ತಲೇಬಾರದು. ಮೂರ್ತಿಯ ಬುಡಕ್ಕಿಂತ ಆರು ಇಂಚು ಅಗಲವಾದ ದಪ್ಪ ಪ್ಲೈವುಡ್ ಹಲಗೆಯ ಮೇಲೆ ಅಲ್ಲೇ ಕೂರಿಸಿಕೊಂಡು, ಹಲಗೆಯನ್ನು ನಾಲ್ವರು ಹಿಡಿಯಬೇಕು. ಗಾಡಿಯಲ್ಲಿ ಹಲಗೆಯ ಕೆಳಗೆ ಹಳೇ ಹಾಸಿಗೆಯೋ ಮರಳು ಮೂಟೆಯೋ ಇರಲಿ, ಬೆಂಗಳೂರಿನ ಹಂಪುಗಳಲ್ಲಿ ಸೊಂಡಿಲು ಮುರಿಯುವುದು ಕುಲುಕಾಟದಿಂದ. ಅದೇ ಹಲಗೆಯ ಸಮೇತ ಮಂಟಪದಲ್ಲಿ ಇಟ್ಟರೆ ವಿಸರ್ಜನೆಗೆ ಎತ್ತುವುದೂ ಸುಲಭ.

ಮಂಟಪ ಬಯಲು ಶಾಮಿಯಾನದಲ್ಲಿ ಬೇಡ. ಸೆಪ್ಟೆಂಬರ್ ಬೆಂಗಳೂರಿನ ಅತಿ ಹೆಚ್ಚು ಮಳೆಯ ತಿಂಗಳುಗಳಲ್ಲಿ ಒಂದು. ಕಟ್ಟಡದ ಕೆಳಗಿನ ಪಾರ್ಕಿಂಗ್‌ನಲ್ಲಿ ಇರಲಿ, ನೆಲದಿಂದ ಎರಡಡಿ ಎತ್ತರದ ಪೀಠದ ಮೇಲೆ. ಹೂವಿನ ಹಾರದ ನೀರು ಪೂರ್ತಿ ಕೊಡವಿ ಹಾಕಿ. ಒದ್ದೆ ಹಾರ ರಾತ್ರಿಯೆಲ್ಲ ಒಂದೇ ಕಡೆ ಒರಗಿದ್ದರೆ ಭುಜದಲ್ಲಿ ತಗ್ಗು ಬೀಳುತ್ತದೆ. ಭಾರದ ಸುಗಂಧರಾಜ ಹಾರವನ್ನು ಕೊರಳಿಗೆ ಹಾಕದೆ ಹಿಂದಿನ ಪ್ರಭಾವಳಿಯ ಚೌಕಟ್ಟಿಗೆ ಕಟ್ಟಿ ಮುಂದೆ ಇಳಿಬಿಡಬೇಕು.

ಚಾಮರಾಜಪೇಟೆ_ಪೌರೋಹಿತ್ಯ

ಪೂಜೆಯ ವಿಷಯದಲ್ಲಿ ನಾಲ್ಕು ಮಾತು.

ಭಾದ್ರಪದ ಶುಕ್ಲ ಚೌತಿ ಮಧ್ಯಾಹ್ನ ಕಾಲಕ್ಕೆ ಇರುವ ದಿನವೇ ಗಣೇಶನ ಹಬ್ಬ. ಹಗಲನ್ನು ಐದು ಭಾಗ ಮಾಡಿದರೆ ಮೂರನೆಯ ಭಾಗ ಮಧ್ಯಾಹ್ನ. ಬೆಂಗಳೂರಿನಲ್ಲಿ ಆ ದಿನಗಳಲ್ಲಿ ಅದು ಹೆಚ್ಚುಕಡಿಮೆ 11 ಗಂಟೆಯಿಂದ ಒಂದೂವರೆವರೆಗೆ. ಹಬ್ಬದ ದಿನ ಪುರೋಹಿತರು ಸಿಗುವುದು ಕಷ್ಟವೆಂದು ಬೆಳಗಿನ ಜಾವಕ್ಕೇ ಒಪ್ಪಿಸಿಬಿಡುತ್ತಾರೆ. ಈಗಲೇ ಮಾತಾಡಿ ಮಧ್ಯಾಹ್ನದ ವೇಳೆಯನ್ನೇ ಹಿಡಿದಿಟ್ಟುಕೊಳ್ಳಿ.

64 ಮನೆಯವರ ಗೋತ್ರ, ನಕ್ಷತ್ರ, ಹೆಸರು ಎಲ್ಲವನ್ನೂ ಸಂಕಲ್ಪದಲ್ಲಿ ಹೇಳಿಸಬೇಕೆಂದು ಜನ ಕೇಳುತ್ತಾರೆ. ಮನೆಗೆ ಕಾಲು ನಿಮಿಷವಾದರೂ 16 ನಿಮಿಷ. ಹಿಂದಿನ ದಿನವೇ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಕೊಟ್ಟರೆ ತಡವರಿಸದೆ ಮುಗಿಯುತ್ತದೆ. ಪೂಜೆಗೆ ಒಂದು ದಂಪತಿ ಕೂತರೆ ಸಾಕು, ಆದರೆ ಇನ್ನೊಂದು ದಂಪತಿಯನ್ನು ಸಿದ್ಧವಾಗಿ ಇಟ್ಟುಕೊಂಡಿರಿ. ಕೊನೆಯ ಗಳಿಗೆಯಲ್ಲಿ ಸೂತಕ ಬಂದರೆ ಪರದಾಡಬೇಕಾಗುತ್ತದೆ.

ಮಣ್ಣಿನ ಮೂರ್ತಿಗೆ ಪಂಚಾಮೃತ ಅಭಿಷೇಕ ಮಾಡಬಾರದು. ಎದುರಿಗೆ ತಟ್ಟೆಯಲ್ಲಿ ಚಿಕ್ಕ ಬೆಳ್ಳಿ ಅಥವಾ ಹಿತ್ತಾಳೆಯ ಗಣಪತಿಯನ್ನೋ ಅಡಿಕೆಯನ್ನೋ ಇಟ್ಟು ಅದಕ್ಕೆ ಅಭಿಷೇಕ, ಮೃತ್ತಿಕಾ ಮೂರ್ತಿಗೆ ಹೂವಿನಿಂದ ಪ್ರೋಕ್ಷಣೆ ಮಾತ್ರ. ಉತ್ಸಾಹದಲ್ಲಿ ಹಾಲು ಮೊಸರನ್ನು ನೇರ ಸುರಿದು ಮೊದಲ ದಿನವೇ ಪಾದ ಕರಗಿಸಿಕೊಂಡ ಮಂಟಪಗಳು ಊರಲ್ಲಿ ಬೇಕಾದಷ್ಟಿವೆ.

ಗರಿಕೆ 21, ಪತ್ರೆ 21 ಬಗೆ, ಕಡುಬು ಅಥವಾ ಮೋದಕ 21. ತುಳಸಿಯನ್ನು ಗಣಪತಿಗೆ ಉಳಿದ ದಿನ ಏರಿಸುವುದಿಲ್ಲ, ಚೌತಿಯ ಏಕವಿಂಶತಿ ಪತ್ರಪೂಜೆಯಲ್ಲಿ ಮಾತ್ರ ಅದಕ್ಕೆ ಜಾಗವಿದೆ. ಮಾರುಕಟ್ಟೆಯಲ್ಲಿ ಪತ್ರೆಯ ಕಟ್ಟೆಂದು ಕೊಡುವುದರಲ್ಲಿ ಒಂದೇ ಸೊಪ್ಪು ಮೂರು ಬಾರಿ ಇರುತ್ತದೆ. ಬಿಲ್ವ, ಎಕ್ಕ, ಬನ್ನಿ, ದಾಳಿಂಬೆ, ಮಾವು, ಉತ್ತರಾಣಿ ಇವನ್ನಾದರೂ ಬೇರೆ ಬೇರೆಯಾಗಿ ಎಣಿಸಿ ತಂದಿಡಿ.

ಮೂರನೆಯ ದಿನ ಉತ್ತರಪೂಜೆಯಾಗಿ ಮೊಸರವಲಕ್ಕಿ ನೈವೇದ್ಯ, ಮಂಗಳಾರತಿ ಮುಗಿದ ಮೇಲೆ ಮೂರ್ತಿಯನ್ನು ಇದ್ದ ಜಾಗದಿಂದ ಸ್ವಲ್ಪ ಕದಲಿಸಬೇಕು. ಪಕ್ಕದಲ್ಲಿ ಗೌರಿಯನ್ನೂ ಕೂರಿಸುವುದಾದರೆ ವಾರ ನೋಡಿಕೊಳ್ಳಿ. ಮಂಗಳವಾರ, ಶುಕ್ರವಾರ ಗೌರಮ್ಮನನ್ನು ಕಳಿಸುವುದಿಲ್ಲ ಎಂಬ ರೂಢಿ ಬಹಳ ಮನೆಗಳಲ್ಲಿದೆ, ವಿಸರ್ಜನೆಯ ದಿನ ನಿಂತು ಚರ್ಚೆ ಮಾಡುವಂತಾಗಬಾರದು.

ಅಸೋಸಿಯೇಷನ್_ಕಡತ

ಅನುಮತಿ ಬಗ್ಗೆ: ರಸ್ತೆ, ಫುಟ್‌ಪಾತ್, ಪಾರ್ಕ್, ಆಟದ ಮೈದಾನದಲ್ಲಿ ಕೂರಿಸುವವರಿಗೆ ಪೊಲೀಸ್, ಪಾಲಿಕೆ, ಬೆಸ್ಕಾಂ, ಅಗ್ನಿಶಾಮಕ ಈ ನಾಲ್ಕರ ಒಪ್ಪಿಗೆ ಬೇಕು. ಅದಕ್ಕೆ ಹಬ್ಬದ ಸಮಯದಲ್ಲಿ ಏಕಗವಾಕ್ಷಿ ಕೇಂದ್ರಗಳನ್ನು ತೆರೆಯುತ್ತಾರೆ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದಿರುವುದರಿಂದ ನಿಮ್ಮ ವಾರ್ಡ್ ಯಾವುದರಲ್ಲಿದೆ ಎಂದು ಮೊದಲು ನೋಡಿಕೊಳ್ಳಿ. ಪೂರ್ತಿ ಕಾಂಪೌಂಡ್ ಒಳಗೆ ಮಾಡುವಾಗ ರಸ್ತೆಯ ಪ್ರಶ್ನೆ ಬರುವುದಿಲ್ಲ, ಆದರೆ ಧ್ವನಿವರ್ಧಕ ಬಂದ ಕೂಡಲೇ ನಿಯಮ ಬರುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹಾಕುವಂತಿಲ್ಲ. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿ 45. ಠಾಣೆಗೆ ಅಸೋಸಿಯೇಷನ್ ಲೆಟರ್‌ಹೆಡ್‌ನಲ್ಲಿ ದಿನಾಂಕ, ಜಾಗ, ಸ್ಪೀಕರ್ ಸಂಖ್ಯೆ, ಇಬ್ಬರು ಜವಾಬ್ದಾರರ ಹೆಸರು ಬರೆದು ಕೊಟ್ಟು ಸೀಲು ಹಾಕಿಸಿಕೊಂಡು ಬನ್ನಿ. ಪಾರ್ಕಿಂಗ್‌ನ ಕಾಂಕ್ರೀಟ್ ಚಾವಣಿಯ ಕೆಳಗೆ ಶಬ್ದ ತಿರುಗಿ ತಿರುಗಿ ಬರುತ್ತದೆ. ದೊಡ್ಡ ಸ್ಪೀಕರ್ ಒಂದರ ಬದಲು ಸಣ್ಣವು ಎರಡನ್ನು ಕಡಿಮೆ ಮಟ್ಟದಲ್ಲಿ ಇಟ್ಟರೆ ಮಂತ್ರವೂ ಸ್ಪಷ್ಟ, ಮೊದಲ ಮಹಡಿಯವರಿಗೂ ನೆಮ್ಮದಿ.

ಗೇಟಿನ ಹೊರಗೆ ಫ್ಲೆಕ್ಸ್ ಹಾಕಬೇಡಿ, ನಗರದಲ್ಲಿ 2018ರಿಂದ ನಿಷೇಧವಿದೆ. ಖರ್ಚನ್ನು ನಿರ್ವಹಣಾ ಶುಲ್ಕದ ಹಣದಿಂದ ತೆಗೆಯದೆ, ಇಷ್ಟವಿದ್ದವರು ಕೊಡುವ ಚಂದಾದಿಂದಲೇ ನಡೆಸಿ, ಅದಕ್ಕೆ ಬೇರೆ ಲೆಕ್ಕದ ಪುಸ್ತಕ ಇಡಿ. ಹಬ್ಬ ಆಚರಿಸದವರೂ ನಿಮ್ಮ ಕಟ್ಟಡದಲ್ಲಿ ಇರುತ್ತಾರೆ, ಅವರ ಮೇಲೆ ಹೇರಿದಂತೆ ಆಗಬಾರದು. ಇದು ನನ್ನ ಗಟ್ಟಿ ಅಭಿಪ್ರಾಯ.

ವಿದ್ಯುತ್ತಿನಲ್ಲಿ ಎಚ್ಚರ ಹೆಚ್ಚು ಬೇಕು. ಮಂಟಪಕ್ಕೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಇರುವ ಪ್ರತ್ಯೇಕ ಬೋರ್ಡ್ ಹಾಕಿಸಿ, ಅದರ ಟೆಸ್ಟ್ ಬಟನ್ ಒತ್ತಿ ಬೀಳುತ್ತದೆಯೇ ನೋಡಿ. ಸೀರಿಯಲ್ ಸೆಟ್‌ನ ತಂತಿಯನ್ನು ಕಬ್ಬಿಣದ ಕಂಬಕ್ಕೆ ನೇರ ಸುತ್ತಬಾರದು. ಸಿಪ್ಪೆ ಹೋದ ಒಂದು ಜಾಗ ಸಾಕು, ಇಡೀ ಕಂಬಕ್ಕೆ ಕರೆಂಟ್ ಬರುತ್ತದೆ, ನೆಲವೋ ಪೂಜೆಯ ನೀರಿನಿಂದ ಒದ್ದೆ. ಹ್ಯಾಲೊಜೆನ್ ಬೇಡ, ಎಲ್‌ಇಡಿ ಇರಲಿ. ಥರ್ಮೊಕೋಲ್ ಅಲಂಕಾರ ಪೂರ್ತಿ ಬಿಟ್ಟುಬಿಡಿ: ಕರ್ಪೂರದ ಕಿಡಿ ತಗುಲಿದರೆ ಉರಿದು ತೊಟ್ಟಿಕ್ಕುತ್ತದೆ. ಒಂದು ಬಕೆಟ್ ಮರಳು, 6 ಕೆ.ಜಿ. ಎಬಿಸಿ ಅಗ್ನಿಶಾಮಕ ಸಿಲಿಂಡರ್ ಮಂಟಪದ ಪಕ್ಕ ಕೈಗೆಟುಕುವಂತಿರಲಿ. ಅಗ್ನಿಶಾಮಕ ವಾಹನ ಬರುವ ದಾರಿಗೆ ಕುರ್ಚಿ, ಕಮಾನು ಅಡ್ಡ ಬರಬಾರದು.

ಯಡಿಯೂರು_ಕೆರೆದಾರಿ

ಇಷ್ಟೆಲ್ಲ ತಾಪತ್ರಯ ಯಾಕೆ? ಯಡಿಯೂರು ಕೆರೆಯ ಕಲ್ಯಾಣಿ ನಿಮಗೆ ಹತ್ತಿರ. ಸ್ಯಾಂಕಿ, ಹಲಸೂರು, ಹೆಬ್ಬಾಳದಲ್ಲೂ ಇದಕ್ಕೆಂದೇ ಕಲ್ಯಾಣಿಗಳಿವೆ, ಬಡಾವಣೆಗಳಿಗೆ ಸಂಚಾರಿ ಟ್ಯಾಂಕರ್ ಬರುತ್ತದೆ. ಹಾರ, ಬಟ್ಟೆ, ಛತ್ರಿ ತೆಗೆದು ಕೊಟ್ಟರೆ ಅಲ್ಲಿನ ಸಿಬ್ಬಂದಿಯೇ ಮುಳುಗಿಸುತ್ತಾರೆ.

ಬನಶಂಕರಿ_ನಿವಾಸಿ

ಎಲ್ಲರಿಗೂ ಧನ್ಯವಾದ. ಕಲ್ಯಾಣಿ ಗೊತ್ತಿದೆ ಸರ್, ಆದರೆ ವಯಸ್ಸಾದವರೂ ಮಕ್ಕಳೂ ವಿಸರ್ಜನೆ ನೋಡಬೇಕೆಂದು ಆವರಣದಲ್ಲೇ ಎಂದುಕೊಂಡಿದ್ದೇವೆ. ನಮ್ಮಲ್ಲಿ 500 ಲೀಟರ್‌ನ ಹಳೇ ಸಿಂಟೆಕ್ಸ್ ಇದೆ, ಬಾಯಿ ಕತ್ತರಿಸಿದರೆ ಸಾಕಾಗುವುದೇ? ಹಿಂದೆ ಮನೆಯ ಚಿಕ್ಕ ಗಣಪ ಬಕೆಟ್‌ನಲ್ಲಿ ಎರಡು ದಿನವಾದರೂ ಕರಗದೆ ಉಂಡೆಯಾಗಿ ಉಳಿದದ್ದನ್ನು ಕೆಲವರು ಹೇಳುತ್ತಿದ್ದಾರೆ. ಅದಕ್ಕೆ ಕಾರಣವೇನು?

ಕೆಸರು_ತೋಟ

ಕರಗದಿರುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಒಂದು, ಎಣ್ಣೆ ಬಣ್ಣ ಅಥವಾ ವಾರ್ನಿಷ್. ಅದು ಮಣ್ಣಿನ ಸೂಕ್ಷ್ಮ ರಂಧ್ರಗಳನ್ನು ಮುಚ್ಚುತ್ತದೆ. ಎರಡನೆಯದನ್ನು ಹೆಚ್ಚಿನವರು ಊಹಿಸುವುದಿಲ್ಲ: ಮೂರ್ತಿ ಹಸಿಯಾಗಿರುವುದು. ಪೂರ್ತಿ ಒಣಗಿದ ಮಣ್ಣು ನೀರನ್ನು ಜೋರಾಗಿ ಹೀರುತ್ತದೆ, ಒಳಗಿದ್ದ ಗಾಳಿ ಹೊರನುಗ್ಗುವಾಗ ಪದರ ಪದರವಾಗಿ ಉದುರುತ್ತದೆ. ಅರೆಹಸಿ ಮಣ್ಣಿನ ರಂಧ್ರಗಳಲ್ಲಿ ಆಗಲೇ ನೀರು ತುಂಬಿರುವುದರಿಂದ ಹೀರುವ ಬಲವೇ ಇರುವುದಿಲ್ಲ, ಉಂಡೆ ಉಂಡೆಯಾಗಿಯೇ ಕೂರುತ್ತದೆ. ಮೇಲಿನವರು ಆರು ವಾರ ಮೊದಲು ಹೇಳಿ ಎಂದದ್ದು ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ಒಣಗಿದ ಟೊಳ್ಳು ಮೂರ್ತಿಯಾದರೆ ರಾತ್ರಿ ಕಳೆಯುವುದರೊಳಗೆ ಬಹುಪಾಲು ಕುಸಿದಿರುತ್ತದೆ. ಬೇಗ ಕರಗಲೆಂದು ಕೋಲು ಹಾಕಿ ಕಲಕಬೇಡಿ. ಕಲಕಿದರೆ ಹೊರಗೆ ಲೋಳೆಯಂಥ ಕೆಸರು ಮೆತ್ತಿಕೊಂಡು ಒಳಗೆ ನೀರು ಇಳಿಯುವುದಿಲ್ಲ.

ತೊಟ್ಟಿಯ ಲೆಕ್ಕ ಹೀಗೆ. ಮೂರ್ತಿ ಪೂರ್ತಿ ಮುಳುಗಬೇಕೆಂದರೆ ನಾಲ್ಕಡಿ ವ್ಯಾಸದ ದುಂಡು ತೊಟ್ಟಿಯಲ್ಲಿ ಮೂರಡಿ ನೀರು, ಅಂದರೆ ಸುಮಾರು 1,070 ಲೀಟರ್. ನಿಮ್ಮ 500 ಲೀಟರ್ ಟ್ಯಾಂಕಿಗೆ ಅಷ್ಟು ಅಗಲವೂ ಇರುವುದಿಲ್ಲ, ಹಲಗೆಯನ್ನು ಇಳಿಸುವಾಗ ಕೈ ಸಿಕ್ಕಿಕೊಳ್ಳುತ್ತದೆ. ಆದರೆ ಪೂರ್ತಿ ಮುಳುಗಲೇಬೇಕು ಎಂದೇನಿಲ್ಲ. ನಾಲ್ಕಡಿ ಅಗಲದ ತೊಟ್ಟಿಯಲ್ಲಿ ಒಂದಡಿ ನೀರು, ಸುಮಾರು 350 ಲೀಟರ್ ತುಂಬಿ. ಮೂರ್ತಿಯನ್ನು ಹಲಗೆ ಸಮೇತ ನಡುವೆ ಕೂರಿಸಿ ಎಲ್ಲರೂ ಸರದಿಯಲ್ಲಿ ಒಂದೊಂದು ಚೊಂಬು ನೀರು ತಲೆಯ ಮೇಲಿಂದ ಎರೆಯಲಿ. ಬುಡ ಮೊದಲು ಕರಗಿ ಮೂರ್ತಿ ತಾನಾಗಿ ಒಳಗೆ ಇಳಿಯುತ್ತದೆ. ನಿಮ್ಮ ಹಿರಿಯರಿಗೂ ಮಕ್ಕಳಿಗೂ ಇದಕ್ಕಿಂತ ಹತ್ತಿರದ ವಿಸರ್ಜನೆ ಇಲ್ಲ. ಶಾಸ್ತ್ರಕ್ಕೆ ಮೊದಲೊಂದು ಬಾರಿ ಮುಳುಗಿಸಬೇಕು ಎನ್ನುವವರಿದ್ದರೆ ಉತ್ತರಪೂಜೆಯ ಅರಿಶಿನದ ಗಣಪನನ್ನು ಅದೇ ನೀರಿನಲ್ಲಿ ಮುಳುಗಿಸಲಿ.

ತೊಟ್ಟಿಯನ್ನು ಬೇಸ್‌ಮೆಂಟಿನ ಚಾವಣಿಯ ಮೇಲೆ ಇಡಬೇಡಿ. ಸಾವಿರ ಲೀಟರ್ ಎಂದರೆ ಒಂದು ಟನ್ ಭಾರ ಚಿಕ್ಕ ಜಾಗದಲ್ಲಿ ಕೂತಂತೆ. ಗಟ್ಟಿ ನೆಲದ ಮೇಲೆ, ತೋಟದ ನಲ್ಲಿಗೆ ಹತ್ತಿರ ಇರಲಿ. ಕಾವೇರಿ ನೀರು ಬಳಸಬೇಡಿ, ಬೋರ್‌ವೆಲ್ ಅಥವಾ ಶೇಖರಿಸಿದ ಮಳೆನೀರು ಸಾಕು. ರಾತ್ರಿ ತೊಟ್ಟಿಯ ಮೇಲೆ ಹಲಗೆ ಮುಚ್ಚಿ ಒಬ್ಬ ಸೆಕ್ಯುರಿಟಿಯವರನ್ನು ಕೂರಿಸಲೇಬೇಕು. ಒಂದಡಿ ನೀರೂ ಚಿಕ್ಕ ಮಗುವಿಗೆ ಅಪಾಯ.

ಮನೆಮನೆಯ ಚಿಕ್ಕ ಗಣಪಗಳನ್ನೂ ಜನ ಇದಕ್ಕೇ ತರುತ್ತಾರೆ. ಬಣ್ಣದವಕ್ಕೆ ಬೇರೆ ಡ್ರಮ್ ಇಡಿ. ಒಂದು ಎಣ್ಣೆ ಬಣ್ಣದ ಮೂರ್ತಿ ಬಿದ್ದರೆ ಇಡೀ ತೊಟ್ಟಿಯ ಮಣ್ಣು ತೋಟಕ್ಕೆ ಬೇಡವಾಗುತ್ತದೆ.

ಈಗ ಕೆಸರು. ಇದನ್ನು ಚರಂಡಿಗೂ ಎಸ್‌ಟಿಪಿಗೂ (ಕೊಳಚೆನೀರು ಶುದ್ಧೀಕರಣ ಘಟಕ) ಬಿಡಬೇಡಿ, ಜೇಡಿ ತಳದಲ್ಲಿ ಕೂತು ಪಂಪು, ಗಾಳಿ ಬಿಡುವ ಡಿಫ್ಯೂಸರ್ ಎರಡನ್ನೂ ಕಟ್ಟಿಹಾಕುತ್ತದೆ. ಮಳೆನೀರಿನ ಇಂಗುಗುಂಡಿಗೆ ಸುರಿಯುವುದು ಅದಕ್ಕಿಂತ ಕೆಟ್ಟದ್ದು. ಜಲ್ಲಿ, ಮರಳಿನ ಸಂದುಗಳು ಒಮ್ಮೆ ಜೇಡಿಯಿಂದ ಮುಚ್ಚಿದರೆ ಗುಂಡಿಯನ್ನೇ ಬಿಚ್ಚಿ ತೊಳೆಯಬೇಕು. ತೊಟ್ಟಿಯನ್ನು ಎರಡು ದಿನ ಅಲುಗಿಸದೆ ಬಿಡಿ. ಮೇಲಿನ ನೀರು ತಿಳಿಯಾಗದಿದ್ದರೆ ಸಾವಿರ ಲೀಟರಿಗೆ 50ರಿಂದ 100 ಗ್ರಾಂ ಲೆಕ್ಕದಲ್ಲಿ ಪಟಿಕವನ್ನು ಬಿಸಿನೀರಿನಲ್ಲಿ ಕರಗಿಸಿ ಹಾಕಿ. ತಿಳಿನೀರನ್ನು ಪೈಪಿನಿಂದ ಎಳೆದು ಗಿಡಕ್ಕೆ ಬಿಡಿ. ತಳದ ಮಣ್ಣನ್ನು ಹಾಗೇ ಹುಲ್ಲುಹಾಸಿನ ಮೇಲೆ ಹರಡಿದರೆ ಒಣಗಿ ಹೆಂಚಿನಂತೆ ಗಟ್ಟಿಯಾಗಿ ಹುಲ್ಲು ಸಾಯುತ್ತದೆ. ಒಂದು ಪಾಲು ಮಣ್ಣಿಗೆ ಎರಡು ಪಾಲು ಗೊಬ್ಬರ, ಒಣ ಎಲೆ ಬೆರೆಸಿ ಮರದ ಪಾತಿಗೆ ಹಾಕಿ. ಕುಂಕುಮ, ಹುಲ್ಲು ಸೇರದ ಶುದ್ಧ ಜೇಡಿಯಾದರೆ ಮೂರ್ತಿ ಮಾಡುವವರೇ ವಾಪಸ್ ಒಯ್ಯುವುದುಂಟು, ಬುಕ್ ಮಾಡುವಾಗಲೇ ಕೇಳಿಡಿ.

ನಿರ್ಮಾಲ್ಯವನ್ನು ತೊಟ್ಟಿಗೆ ಹಾಕಬೇಡಿ, ಮಾರನೆಯ ದಿನಕ್ಕೇ ನೀರು ನಾರುತ್ತದೆ. ಹಾರದ ದಾರ, ಜರಿ, ಪ್ಲಾಸ್ಟಿಕ್ ಕಿತ್ತು, ಬಾಳೆಕಂಬವನ್ನು ಮೂರು ಇಂಚಿನ ತುಂಡು ಮಾಡಿ ಗೊಬ್ಬರದ ಗುಂಡಿಗೆ ಹಾಕಿ. ಬಾಳೆಕಂಬದಲ್ಲಿ ನೀರೇ ಹೆಚ್ಚು, ಅದಕ್ಕೆ ಎರಡರಷ್ಟು ಒಣ ಎಲೆ ಬೇಕು.

ಯಡಿಯೂರಿನವರೇ, ಕಲ್ಯಾಣಿ ಒಳ್ಳೆಯ ವ್ಯವಸ್ಥೆಯೇ, ಬಣ್ಣದ ಮೂರ್ತಿಗಳಿಗಂತೂ ಅದೇ ಸರಿ. ಆದರೆ ಮೂರು, ಐದನೆಯ ದಿನದ ಸಂಜೆ ಸಾಲು ಉದ್ದವಿರುತ್ತದೆ, ಮೂರಡಿ ಮಣ್ಣಿನ ಮೂರ್ತಿಗೆ ಪೆಟ್ಟಾಗುವುದು ಆ ಗಾಡಿಯ ಕಾಯುವಿಕೆಯಲ್ಲಿ.

ಅಡುಗೆ_ಪಂಕ್ತಿ

ಪ್ರಸಾದದ ಲೆಕ್ಕ ಯಾರೂ ಹೇಳಲಿಲ್ಲ. 64 ಮನೆಗೆ 200 ಜನ ಎಂದುಕೊಳ್ಳಿ. ಪಂಚಕಜ್ಜಾಯಕ್ಕೆ ಹುರಿಗಡಲೆ 2 ಕೆ.ಜಿ., ಬೆಲ್ಲ ಒಂದೂವರೆ, ಒಣಕೊಬ್ಬರಿ 1, ಎಳ್ಳು 400 ಗ್ರಾಂ, ಮೇಲೆ ತುಪ್ಪ, ಏಲಕ್ಕಿ. ತಲೆಗೆ 25 ಗ್ರಾಂ ಬರುತ್ತದೆ. ಹಸಿ ತೆಂಗಿನಕಾಯಿ ಹಾಕಿದರೆ ಸಂಜೆಗೆ ಹಳಸುತ್ತದೆ. ಹುರಿದದ್ದು ಬಿಸಿಯಿರುವಾಗ ಬೆಲ್ಲ ಬೆರೆಸಿದರೆ ಮುದ್ದೆಯಾಗುತ್ತದೆ, ಪೂರ್ತಿ ಆರಬೇಕು.

ಕಡಲೆಕಾಳು ಉಸಲಿಗೆ ಒಣಕಾಳು 5 ಕೆ.ಜಿ., ಎಂಟರಿಂದ ಹತ್ತು ಗಂಟೆ ನೆನೆಸಬೇಕು, ಬೆಂದಾಗ ಎರಡರಷ್ಟು ಆಗುತ್ತದೆ. ಉಸಲಿಯನ್ನು ಬಿಸಿಬಿಸಿಯಾಗಿ ಪಾತ್ರೆಗೆ ತುಂಬಿ ಮುಚ್ಚಳ ಬಿಗಿಯಬೇಡಿ, ಬೆವರಿ ಹುಳಿಯಾಗುತ್ತದೆ. ಅಗಲ ತಟ್ಟೆಯಲ್ಲಿ ಹರಡಿ ಆರಿಸಿ, ಒಗ್ಗರಣೆ ಆದಮೇಲೆ ಕಾಯಿತುರಿಯನ್ನು ಹಂಚುವ ಸಮಯಕ್ಕೆ ಹಾಕಿ. ಕೋಸಂಬರಿಗೆ ಹೆಸರುಬೇಳೆ 3 ಕೆ.ಜಿ. ಒಂದೂವರೆ ಗಂಟೆ ನೆನೆದರೆ ಸಾಕು. ಸೌತೆಕಾಯಿ 3 ಕೆ.ಜಿ. ಹೆಚ್ಚಿ ಬೇರೆ ಇಟ್ಟಿರಿ. ಉಪ್ಪು, ನಿಂಬೆರಸ ಮಂಗಳಾರತಿಗೆ ಗಂಟೆ ಹೊಡೆದ ಮೇಲೆ ಬೆರೆಸಿ, ಮೊದಲೇ ಹಾಕಿದರೆ ಸೌತೆ ನೀರು ಬಿಟ್ಟು ದೊನ್ನೆಯೆಲ್ಲ ಸೋರುತ್ತದೆ. ನೈವೇದ್ಯಕ್ಕೆ ಬೇಕಾದಷ್ಟನ್ನು ಮಾತ್ರ ಮುಂಚೆಯೇ ಉಪ್ಪು ಹಾಕಿ ಬೇರೆ ತೆಗೆದಿಡಿ.